ಈ ವರ್ಷ 106 ಪರ್ಸೆಂಟ್ ಮಳೆಯಂತೆ. ನಂಬಿ ನಾಲ್ಕೆಕರೆಗೂ ಶೇಂಗಾ ಹಾಕಬಹುದಾ?

ನಾಯಕನಹಟ್ಟಿ ಹೈದ
5 ಮೇ 2024

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲೂಕು, ನಾಯಕನಹಟ್ಟಿ ಹೋಬಳಿ. ನಾಲ್ಕು ಎಕರೆ ಕೆಂಪು ಮಸಾರೆ ಹೊಲ. ಬೋರ್ ಇಲ್ಲ, ಕೆರೆ ನೀರೂ ಇಲ್ಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ 96 ಪರ್ಸೆಂಟ್, ವಾಡಿಕೆ ಮಳೆ ಅಂತ ಹೇಳಿತ್ತು. ಅಪ್ಪ ಆ ಸುದ್ದಿ ಕೇಳಿ ಧೈರ್ಯ ಮಾಡಿದರು. ಜುಲೈ ಮೊದಲ ವಾರ ಹದ ನೋಡಿ ನಾಲ್ಕೆಕರೆಗೂ ಶೇಂಗಾ ಬಿತ್ತಿದರು. ಹುಟ್ಟು ಚೆನ್ನಾಗಿತ್ತು. ನೋಡಿದವರೆಲ್ಲ ಈ ಸಲ ಬಂಪರ್ ಅಂದರು. ಆಮೇಲೆ ಆಗಸ್ಟ್ ಬಂತು. ಮೋಡ ಬರುತ್ತಿತ್ತು, ಗಾಳಿ ಹೊಡೆದುಕೊಂಡು ಹೋಗುತ್ತಿತ್ತು. ಒಂದು ಹನಿ ಇಲ್ಲ. ಸೆಪ್ಟೆಂಬರ್‌ನಲ್ಲಿ ಗಿಡ ಕಿತ್ತು ನೋಡಿದರೆ ಬುಡದಲ್ಲಿ ಎರಡು ಮೂರು ಕಾಯಿ, ಅದೂ ಜೊಳ್ಳು. ದನಕ್ಕೆ ಹೊಟ್ಟಾದರೂ ಆಗಲಿ ಅಂತ ಕಿತ್ತೆವು. ಬೀಜ ಗೊಬ್ಬರಕ್ಕೆ ಅಮ್ಮನ ಸರ ಅಡ ಇಟ್ಟಿದ್ದೆವು. ಇನ್ನೂ ಬಿಡಿಸಿಕೊಂಡಿಲ್ಲ.

ಈಗ ಅದೇ ಇಲಾಖೆ 106 ಪರ್ಸೆಂಟ್ ಅಂತಿದೆ. ವಾಡಿಕೆಗಿಂತ ಜಾಸ್ತಿ ಮಳೆಯಂತೆ. ಅಪ್ಪ ಮತ್ತೆ ನಾಲ್ಕೆಕರೆಗೂ ಶೇಂಗಾ ಅನ್ನುತ್ತಿದ್ದಾರೆ. ಹೋದ ವರ್ಷದ್ದೂ ಸೇರಿಸಿ ಈ ವರ್ಷ ತೆಗೆಯೋಣ ಅನ್ನುವುದು ಅವರ ಲೆಕ್ಕ. ಇನ್ನೊಂದು ಕಡೆಯಿಂದ ಸಾಲಕ್ಕೂ ಕೇಳಿದ್ದಾರೆ. ನನಗೆ ಭಯ ಆಗುತ್ತಿದೆ.

ಗೊತ್ತಿರುವವರು ಹೇಳಿ. ಹೋದ ವರ್ಷ ಅವರು ಹೇಳಿದ್ದು ಸುಳ್ಳಾಯಿತಲ್ಲ, ಈ ವರ್ಷ ಯಾಕೆ ನಂಬಬೇಕು? ನಾಲ್ಕು ತಿಂಗಳ ಮಳೆಯನ್ನು ಏಪ್ರಿಲ್‌ನಲ್ಲೇ ಹೇಳೋಕೆ ನಿಜವಾಗಲೂ ಆಗುತ್ತಾ?


ಪಾವಗಡದ ಕೂರಿಗೆ
5 ಮೇ 2024

ತಮ್ಮಾ, ನಿನ್ನ ಕಥೆಯೇ ನಮ್ಮದೂ. ನಮ್ಮೂರಲ್ಲಿ ಹೋದ ವರ್ಷ ಶೇಂಗಾ ಒಕ್ಕಣೆ ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು.

ನಾನು ಈ ಪರ್ಸೆಂಟ್ ಲೆಕ್ಕ ಕೇಳೋದು ಬಿಟ್ಟಿದ್ದೇನೆ. ನಮ್ಮ ತಾತನ ಕಾಲದಿಂದ ಮಳೆ ನಕ್ಷತ್ರ ನೋಡಿಯೇ ಬಿತ್ತುತ್ತಿದ್ದೇವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಸುಮ್ನೆ ಹೇಳಿಲ್ಲ ಹಿರಿಯರು. ಭರಣಿ ಹದ ಮಾಡಿದರೆ ಉಳುಮೆ, ಮೃಗಶಿರಾ ಆರಿದ್ರಾ ನೋಡಿಕೊಂಡು ಬಿತ್ತನೆ. ನಮ್ಮ ಹೊಲಕ್ಕೆ ದಿಲ್ಲಿಯಲ್ಲಿ ಕೂತವರು ಏನು ಹೇಳುತ್ತಾರೆ?

ಸಾಲ ಮಾತ್ರ ಮಾಡಬೇಡ. ಅಪ್ಪನಿಗೆ ಕೂತು ಹೇಳು.


ಮಳೆಲೆಕ್ಕ
6 ಮೇ 2024

ತಮ್ಮಾ, ನಾನು ಹಿರಿಯೂರು ಕಡೆಯವಳು. ಕೃಷಿ ಸಂಶೋಧನೆಯ ಕೆಲಸದಲ್ಲಿದ್ದು ವರ್ಷಗಟ್ಟಲೆ ಮಳೆಮಾಪಕದ ಪುಸ್ತಕ ಬರೆದವಳು, ಈಗ ನಿವೃತ್ತಿ. ಅಣ್ಣನ ಮನೆಯಲ್ಲಿ ಈಗಲೂ ಶೇಂಗಾ ಹಾಕುತ್ತಾರೆ. ಹಾಗಾಗಿ ನಿನ್ನ ಪ್ರಶ್ನೆ ನನ್ನ ಮನೆಯದೇ ಅಂತ ತಿಳಿದು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದು.

ಹೋದ ವರ್ಷದ ಮುನ್ಸೂಚನೆ ಸುಳ್ಳಾಯಿತಾ? ಇಲಾಖೆಯ ಲೆಕ್ಕದಲ್ಲಿ ಆಗಲಿಲ್ಲ. ಅವರು ಹೇಳಿದ್ದು ಶೇ 96, ಐದು ಆಚೆ ಈಚೆ. ಕೊನೆಗೆ ದೇಶಕ್ಕೆ ಬಂದಿದ್ದು ಶೇ 94. ಹೇಳಿದ ಅಂದಾಜಿನ ಒಳಗೇ ಇದೆ. ಅದೇ ವರ್ಷ ಕರ್ನಾಟಕದಲ್ಲಿ ಮುಂಗಾರು 852 ಮಿಲಿಮೀಟರ್ ಬರಬೇಕಿದ್ದ ಕಡೆ 642 ಬಂತು. ನಾಲ್ಕರಲ್ಲಿ ಒಂದು ಪಾಲು ಖೋತಾ. 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಮುನ್ಸೂಚನೆ ಸರಿ, ನಿನ್ನ ಹೊಲ ಒಣಗಿದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜ ಅನ್ನುವುದನ್ನು ಹಿಡಿದುಕೊಂಡರೆ ಈ ವರ್ಷ ಏನು ಮಾಡಬೇಕು ಅನ್ನುವುದು ಗೊತ್ತಾಗುತ್ತೆ.

ಆ 96 ಆಗಲಿ ಈ 106 ಆಗಲಿ, ಇಡೀ ದೇಶದ್ದು, ನಾಲ್ಕು ತಿಂಗಳ ಒಟ್ಟು ಮೊತ್ತ. 1971ರಿಂದ 2020ರವರೆಗಿನ ಸರಾಸರಿ 87 ಸೆಂಟಿಮೀಟರ್. ಅದನ್ನು 100 ಅಂತ ಇಟ್ಟುಕೊಂಡು ಹೇಳುವ ಲೆಕ್ಕ. ಚಿರಾಪುಂಜಿ, ಆಗುಂಬೆ, ಜೈಸಲ್ಮೇರ್, ಚಳ್ಳಕೆರೆ ಎಲ್ಲ ಅದರೊಳಗೇ ಇವೆ. ಮಧ್ಯಪ್ರದೇಶದಲ್ಲಿ ಸುರಿದರೂ ಆ ಸಂಖ್ಯೆ ಏರುತ್ತೆ.

ಇನ್ನು ತಿಂಗಳ ಲೆಕ್ಕ ನೋಡು. 2023ರಲ್ಲಿ ದೇಶಕ್ಕೆ ಜೂನ್‌ನಲ್ಲಿ ಶೇ 91, ಜುಲೈನಲ್ಲಿ 113, ಆಗಸ್ಟ್‌ನಲ್ಲಿ 64, ಸೆಪ್ಟೆಂಬರ್‌ನಲ್ಲಿ ಮತ್ತೆ 113. ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದಲ್ಲಂತೂ ಆ ತಿಂಗಳು ಶೇ 73 ಖೋತಾ. ನಿಮ್ಮ ಅಪ್ಪ ಬಿತ್ತಿದ್ದು ಜುಲೈ ಮೊದಲ ವಾರ. ಶೇಂಗಾ ತಿಂಗಳಿಗೆ ಹೂ ಬಿಡುತ್ತೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಕಾಯಿ ಕಟ್ಟುವ ಸೂಜಿ ಹೊರಟು ಮಣ್ಣಿಗಿಳಿಯಬೇಕು. ಕೆಂಪು ಮಸಾರೆ ಒಣಗಿದರೆ ಎಷ್ಟು ಗಟ್ಟಿಯಾಗುತ್ತೆ ಅಂತ ನಿನಗೇ ಗೊತ್ತು. ಸೂಜಿ ಒಳಗೇ ಹೋಗುವುದಿಲ್ಲ. ಹೋದರೂ ತೇವ ಇಲ್ಲದೆ ಕಾಯಿ ತುಂಬುವುದಿಲ್ಲ. ನಿಮ್ಮ ಗಿಡಕ್ಕೆ ನೀರು ಬೇಕಿದ್ದ ವಾರಗಳೂ ದೇಶಕ್ಕೇ ಮಳೆ ಕೈಕೊಟ್ಟ ವಾರಗಳೂ ಒಂದೇ ಆದವು. ಆಮೇಲೆ ಸೆಪ್ಟೆಂಬರ್‌ನಲ್ಲಿ ಬಂದ 113 ನಿಮ್ಮ ಶೇಂಗಾಕ್ಕೆ ಏನು ಉಪಯೋಗ? ಆದರೆ ಒಟ್ಟು ಲೆಕ್ಕದಲ್ಲಿ ಅದು ಸೇರಿಬಿಡುತ್ತೆ, 94 ಆಗುತ್ತೆ.

‘ವಾಡಿಕೆ ಮಳೆ’ ಅಂತ ಒಂದೇ ಸಾಲು ದಪ್ಪ ಅಕ್ಷರದಲ್ಲಿ ಹಾಕುವವರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಇಲಾಖೆಯ ಪ್ರಕಟಣೆಯಲ್ಲಿ ಆಚೆ ಈಚೆ ಎಷ್ಟು ಅಂತಲೂ ಇರುತ್ತೆ, ಸಾಧ್ಯತೆಯ ಪಟ್ಟಿಯೂ ಇರುತ್ತೆ. ಹಳ್ಳಿಗೆ ಬರುವಷ್ಟರಲ್ಲಿ ಅವೆಲ್ಲ ಉದುರಿ ಒಂದು ಸಂಖ್ಯೆ ಉಳಿಯುತ್ತೆ. ಆ ಒಂದು ಸಂಖ್ಯೆ ನಂಬಿ ಮನೆಯ ಒಡವೆ ಅಡಕ್ಕೆ ಹೋಗುತ್ತೆ.

ಈಗ ನಿನ್ನ ದೊಡ್ಡ ಪ್ರಶ್ನೆ. ಏಪ್ರಿಲ್‌ನಲ್ಲೇ ಹೇಳೋಕೆ ಆಗುತ್ತಾ? ಯಾವ ದಿನ, ಯಾವ ಊರಲ್ಲಿ ಮಳೆ ಅಂತ ಎರಡು ವಾರದಾಚೆಗೆ ಹೇಳಲು ಆಗುವುದಿಲ್ಲ. ಗಾಳಿಯ ಇವತ್ತಿನ ಸ್ಥಿತಿ ಅಳೆಯುವಾಗ ಆಗುವ ಚೂರು ವ್ಯತ್ಯಾಸ ದಿನ ಕಳೆದಂತೆ ದೊಡ್ಡದಾಗಿ ಇಡೀ ಲೆಕ್ಕವನ್ನೇ ಕೆಡಿಸುತ್ತೆ. 1963ರಲ್ಲಿ ಎಡ್ವರ್ಡ್ ಲೊರೆನ್ಜ್ ಅನ್ನುವ ಅಮೆರಿಕದ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಹಾಗಾದರೆ ಇಡೀ ಹಂಗಾಮಿನದು ಹೇಗೆ? ಅದಕ್ಕೆ ಆಧಾರ ಸಮುದ್ರ. ಗಾಳಿ ದಿನಕ್ಕೊಂದು ತರ ಇರುತ್ತೆ, ಸಮುದ್ರದ ಬಿಸಿ ತಿಂಗಳುಗಟ್ಟಲೆ ಹಾಗೇ ಇರುತ್ತೆ. ಉಷ್ಣವಲಯದ ಮಳೆಯ ಒಟ್ಟು ಪ್ರಮಾಣವನ್ನು ಇಂಥ ನಿಧಾನದ ಸಂಗತಿಗಳು ಹಿಡಿದಿಡುತ್ತವೆ, ಆದ್ದರಿಂದ ಅಲ್ಲಿ ಹಂಗಾಮಿನ ಅಂದಾಜು ಸಾಧ್ಯ ಅಂತ 1981ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ ಮತ್ತು ನಮ್ಮ ಉತ್ತರಪ್ರದೇಶದ ಬಲಿಯಾ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಜಗದೀಶ್ ಶುಕ್ಲಾ ಬರೆದರು. ಇವತ್ತಿಗೂ ಹಂಗಾಮಿನ ಮುನ್ಸೂಚನೆ ನಿಂತಿರುವುದು ಆ ಮಾತಿನ ಮೇಲೆಯೇ.

ಆದರೆ ಸಮುದ್ರ ಹೇಳುವುದೂ ಪೂರ್ತಿ ಕಥೆಯಲ್ಲ. ಪೆಸಿಫಿಕ್ ಸಾಗರದ ನಡುಭಾಗ, ಪೂರ್ವಭಾಗ ಬಿಸಿಯೇರಿದರೆ ಎಲ್ ನಿನೊ. ನಮ್ಮ ದೊಡ್ಡ ಬರಗಳಲ್ಲಿ ಬಹಳಷ್ಟು ಅಂಥ ವರ್ಷಗಳಲ್ಲೇ ಬಂದಿವೆ. 2002, 2009, 2015 ಎಲ್ಲ ಹಾಗೇ. ಹೋದ ವರ್ಷವೂ ಎಲ್ ನಿನೊ ಇತ್ತು. ಆದರೆ 1997 ನೋಡು. ಶತಮಾನದಲ್ಲೇ ಬಲವಾದ ಎಲ್ ನಿನೊಗಳಲ್ಲಿ ಒಂದು. ಎಲ್ಲರೂ ಬರ ಅಂತ ಹೆದರಿದ್ದರು. ದೇಶಕ್ಕೆ ಶೇ 102 ಮಳೆ ಬಂತು. ಆ ವರ್ಷ ನಮ್ಮ ಹಿಂದೂ ಮಹಾಸಾಗರದ ಪಶ್ಚಿಮ ಬದಿ ಬಿಸಿಯಾಗಿ ಪೂರ್ವ ಬದಿ ತಣ್ಣಗಾಗಿತ್ತು, ಅದು ಮುಂಗಾರಿಗೆ ಬಲ ಕೊಟ್ಟಿತು. ಹಿಂದೂ ಮಹಾಸಾಗರದ ಈ ತೂಗಾಟವನ್ನು 1999ರಲ್ಲಿ ಗುರುತಿಸಿದ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು.

ಜೊತೆಗೆ, ಪೆಸಿಫಿಕ್ ಮುಂದೆ ಬಿಸಿಯಾಗುತ್ತಾ ತಣ್ಣಗಾಗುತ್ತಾ ಅಂತ ಹೇಳಲು ವರ್ಷದಲ್ಲೇ ಕಷ್ಟದ ಹೊತ್ತು ಮಾರ್ಚ್‌ನಿಂದ ಮೇ. ನಮಗೆ ಮುನ್ಸೂಚನೆ ಬೇಕಾಗಿರುವುದೂ ಸರಿಯಾಗಿ ಆಗಲೇ.

ಹಿಂದಿನ ದಾಖಲೆ ಹೇಗಿದೆ ಅಂತಲೂ ತಿಳಿದುಕೋ. ನಮ್ಮಲ್ಲಿ ಈ ಕೆಲಸ ಹೊಸದಲ್ಲ. 1886ರಲ್ಲೇ ಆಗಿನ ಹವಾಮಾನ ಇಲಾಖೆಯ ಮುಖ್ಯಸ್ಥ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರಿನ ಅಂದಾಜು ಕೊಟ್ಟರು. 1899ರಲ್ಲಿ ಇಲಾಖೆಯವರು ಮಳೆ ಚೆನ್ನಾಗಿರುತ್ತೆ ಅಂದರು, ಭೀಕರ ಬರ ಬಂತು. ಈಚೆಗೆ 2002ರಲ್ಲಿ ಶೇ 101 ಅಂದರು, ಬಂದಿದ್ದು 81. ಆ ಜುಲೈನಲ್ಲಿ ದೇಶಕ್ಕೆ ಬರಬೇಕಾದ ಮಳೆಯಲ್ಲಿ ಅರ್ಧವೂ ಬರಲಿಲ್ಲ. 2009ರಲ್ಲಿ 96 ಅಂದರು, ಬಂದಿದ್ದು 78. 2019ರಲ್ಲಿ ಉಲ್ಟಾ, 96 ಅಂದಿದ್ದು 110 ಆಯಿತು. ನೀನು ಗಮನಿಸಬೇಕಾದ್ದು ಏನೆಂದರೆ, ತಪ್ಪು ಆಗುವುದು ಅತಿ ಕೆಟ್ಟ ವರ್ಷದಲ್ಲಿ ಮತ್ತು ಅತಿ ಒಳ್ಳೆಯ ವರ್ಷದಲ್ಲಿ. ಹಳೆಯ ಲೆಕ್ಕದ ಪದ್ಧತಿ ಸರಾಸರಿಯ ಹತ್ತಿರವೇ ಸುತ್ತುತ್ತಿತ್ತು. ಮಳೆ ಸರಾಸರಿ ಬಂದ ವರ್ಷ ಸರಿ ಕಾಣುತ್ತಿತ್ತು, ಬರ ಬಂದ ವರ್ಷ ಕೈಕೊಡುತ್ತಿತ್ತು. ರೈತನಿಗೆ ಮುನ್ಸೂಚನೆ ಬೇಕಾಗಿರುವುದೇ ಬರದ ವರ್ಷಕ್ಕೆ ಅಲ್ವಾ?

ಸುಧಾರಣೆಯೂ ಆಗಿದೆ, ಅದನ್ನೂ ಹೇಳಲೇಬೇಕು. 2015ರಲ್ಲಿ ಏಪ್ರಿಲ್‌ನಲ್ಲಿ 93 ಅಂದು, ಜೂನ್‌ನಲ್ಲಿ 88ಕ್ಕೆ ಇಳಿಸಿದರು. ಬಂದಿದ್ದು 86. ಬರ ಬರುತ್ತೆ ಅಂತ ಮೊದಲೇ ಹೇಳಲು ಧೈರ್ಯ ಬೇಕು, ಹೇಳಿದರು. ಸಮುದ್ರ ಮತ್ತು ಗಾಳಿಯನ್ನು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಓಡಿಸುವ ಮಾದರಿಗಳ ಮೇಲೆ 2012ರಿಂದ ಪುಣೆಯಲ್ಲಿ ದೊಡ್ಡ ಕೆಲಸ ನಡೆದಿದೆ. 2021ರಿಂದ ಹಲವು ಮಾದರಿಗಳನ್ನು ಸೇರಿಸಿ ಅಂದಾಜು ಕೊಡುತ್ತಿದ್ದಾರೆ.

ಈ ವರ್ಷದ ಪಟ್ಟಿ ಹೀಗಿದೆ. ದೇಶಕ್ಕೆ ಶೇ 90ಕ್ಕಿಂತ ಕಡಿಮೆ ಮಳೆ ಆಗುವ ಸಾಧ್ಯತೆ ನೂರಕ್ಕೆ 2. 90ರಿಂದ 95 ಆಗುವುದು 8. ವಾಡಿಕೆ 29. ಅದಕ್ಕಿಂತ ಜಾಸ್ತಿ 31, ಬಹಳ ಜಾಸ್ತಿ 30. ಏನೂ ಗೊತ್ತಿಲ್ಲದೆ ಹಳೆಯ ವರ್ಷಗಳ ಲೆಕ್ಕ ಹಿಡಿದು ಹೇಳಿದರೆ ಕೊರತೆಯ ಎರಡು ಸಾಲು ಸೇರಿ 33 ಇರುತ್ತೆ. ಈ ಸಲ 10. ಅಂದರೆ ಸುದ್ದಿ ನಿಜವಾಗಲೂ ಒಳ್ಳೆಯದೇ. ನಕಾಶೆಯಲ್ಲೂ ವಾಯವ್ಯ, ಪೂರ್ವ, ಈಶಾನ್ಯದ ಕೆಲವು ಭಾಗ ಬಿಟ್ಟರೆ ಹೆಚ್ಚಿನ ಕಡೆ ಜಾಸ್ತಿ ಮಳೆಯ ಸಾಧ್ಯತೆ ತೋರಿಸಿದ್ದಾರೆ. ಆದರೆ ನಿನ್ನ ಗಿಡಕ್ಕೆ ಸೂಜಿ ಇಳಿಯುವ ವಾರ ಮಳೆ ಬರುತ್ತಾ ಅನ್ನುವ ಪ್ರಶ್ನೆಗೆ ಈ ಪಟ್ಟಿಯಲ್ಲಿ ಉತ್ತರ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ.

ಹಾಗಾಗಿ ಅಪ್ಪನಿಗೆ ನಾನು ಹೇಳುವುದು ಇಷ್ಟು. ಈ 106 ನೋಡಿ ಶೇಂಗಾ ಬೇಡ ಅನ್ನಬೇಕಾಗಿಲ್ಲ. ಆದರೆ 106 ಅಂತ ಸಾಲ ಜಾಸ್ತಿ ಮಾಡಬಾರದು. ಎರಡೂವರೆ ಎಕರೆ ಶೇಂಗಾ ಸಾಕು, ನಡುವೆ ತೊಗರಿ ಅಕ್ಕಡಿ ಸಾಲು ಹಾಕಿ. ಆಗಸ್ಟ್ ಕೈಕೊಟ್ಟರೂ ತೊಗರಿ ಬೇರು ಆಳಕ್ಕೆ ಹೋಗುತ್ತೆ, ಆಮೇಲೆ ಬರುವ ಮಳೆಗೆ ಚಿಗುರಿಕೊಳ್ಳುತ್ತೆ. ಒಂದೆಕರೆ ನವಣೆಯೋ ಸಜ್ಜೆಯೋ ಇರಲಿ. ಉಳಿದ ಅರ್ಧ ಎಕರೆ ಖಾಲಿ ಬಿಟ್ಟಿದ್ದರೆ ಮಳೆ ನೋಡಿಕೊಂಡು ಹುರುಳಿ ಚೆಲ್ಲಬಹುದು. ಶೇಂಗಾ ಬೀಜ ಎಕರೆಗೆ ಅರ್ಧ ಕ್ವಿಂಟಾಲ್ ಹತ್ತಿರ ಬೇಕು. ಒಂದೂವರೆ ಎಕರೆಯ ಬೀಜದ ದುಡ್ಡು ಕೈಯಲ್ಲಿ ಉಳಿದರೆ ಆ ಇನ್ನೊಂದು ಸಾಲವೇ ಬೇಡವಾಗಬಹುದು, ಲೆಕ್ಕ ಹಾಕಿ ನೋಡಿ.

ಬೆಳೆವಿಮೆ ಮಾತ್ರ ತಪ್ಪಿಸಬೇಡಿ. ಮುಂಗಾರಿನ ಎಣ್ಣೆಕಾಳಿಗೆ ರೈತ ಕಟ್ಟಬೇಕಾದ್ದು ವಿಮೆ ಮೊತ್ತದ ಶೇ 2 ಅಷ್ಟೇ. ‘ಈ ವರ್ಷ ಮಳೆ ಜಾಸ್ತಿಯಂತೆ, ವಿಮೆ ಯಾಕೆ’ ಅನ್ನುವ ಮಾತು ಈಗಾಗಲೇ ಊರುಗಳಲ್ಲಿ ಕೇಳಿಬರುತ್ತಿದೆ. ಅದು ನನಗೆ ಬರಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತೆ.


ತೀರ್ಥಹಳ್ಳಿ ತೋಟ
6 ಮೇ 2024

ಮಳೆಲೆಕ್ಕ ಅಕ್ಕ ಬರೆದಿದ್ದು ನಮ್ಮ ಕಡೆಗೂ ಹೊಂದುತ್ತದೆ. ನಮಗೆ ಸಮಸ್ಯೆ ತಿರುಗಾಮುರುಗ. 2019ರಲ್ಲಿ ಜೂನ್ ಪೂರ್ತಿ ಮಳೆ ಹಿಂದೆ ಬಿತ್ತು. ಆ ವರ್ಷ ಮಳೆ ಕಡಿಮೆ ಅಂತ ಎಷ್ಟೋ ಜನ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದನ್ನು ಮುಂದೆ ಹಾಕಿದರು. ಆಗಸ್ಟ್‌ನಲ್ಲಿ ಒಂದೇ ವಾರ ಹೊಳೆ ಉಕ್ಕಿ ಬಂತು. ಆಮೇಲೆ ಮರ ಹತ್ತುವುದಕ್ಕೂ ಆಗಲಿಲ್ಲ, ಕೊಳೆ ನಿಲ್ಲಿಸುವುದಕ್ಕೂ ಆಗಲಿಲ್ಲ.

ಹಂಗಾಮಿನ ಮುನ್ಸೂಚನೆ ಏನೇ ಇರಲಿ, ಮುಂಗಾರು ಹಿಡಿಯುವ ಮೊದಲೇ ಒಂದು ಸಲ ಔಷಧಿ ಹೊಡೆಯುವುದು ನಮ್ಮ ಮನೆಯ ಪದ್ಧತಿ. ಎರಡನೇ ಸಲಕ್ಕೆ ಮಾತ್ರ ವಾರದ ಮುನ್ಸೂಚನೆ ನೋಡುತ್ತೇವೆ, ಎರಡು ದಿನ ಹೊಳವು ಸಿಗುತ್ತಾ ಅಂತ.


ನಾಯಕನಹಟ್ಟಿ ಹೈದ
7 ಮೇ 2024

ಅಕ್ಕ, ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಆಗಸ್ಟ್ 64 ಅನ್ನುವುದು ಕೇಳಿ ಸುಮ್ಮನೆ ಕೂತರು. ಆಮೇಲೆ ‘ಹಾಗಾದರೆ ಆ ತಿಂಗಳ ವಿಷಯ ಯಾರೂ ಮೊದಲೇ ಹೇಳಲಿಲ್ಲವಾ’ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು. ನನ್ನ ಫೋನಿನ ಆ್ಯಪ್‌ನಲ್ಲಿ ಮೂರು ತಿಂಗಳವರೆಗೆ ದಿನದಿನದ ಮಳೆ ತೋರಿಸುತ್ತೆ. ಆಗಸ್ಟ್ 2ಕ್ಕೆ 6 ಮಿಲಿಮೀಟರ್ ಅಂತಿದೆ. ಅದನ್ನು ನೋಡಿ ಬಿತ್ತನೆ ದಿನ ಗೊತ್ತು ಮಾಡಬಹುದಾ?


ಮಳೆಲೆಕ್ಕ
7 ಮೇ 2024

ಆ ಆ್ಯಪ್‌ನ ಆಗಸ್ಟ್ 2 ನೋಡಲೇಬೇಡ. ಮೇ ತಿಂಗಳಲ್ಲಿ ಕೂತು ಆಗಸ್ಟ್‌ನ ಒಂದು ದಿನದ ಮಳೆ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಹತ್ತು ದಿನದಾಚೆಗೆ ದಿನ ಹೆಸರಿಸಿ ಮಿಲಿಮೀಟರ್ ಹೇಳಿದರೆ ಅದನ್ನು ಬಿಟ್ಟುಬಿಡು, ಯಾವ ಆ್ಯಪ್ ಆದರೂ ಸರಿ.

ಅಪ್ಪ ಕೇಳಿದ ಪ್ರಶ್ನೆ ತುಂಬಾ ಸರಿಯಾಗಿದೆ. ಆ ತಿಂಗಳ ವಿಷಯ ಏಪ್ರಿಲ್‌ನಲ್ಲಿ ಯಾರೂ ಹೇಳಲಿಲ್ಲ, ಹೇಳಲು ಬರುತ್ತಲೂ ಇರಲಿಲ್ಲ. ಆದರೆ ಹೋದ ವರ್ಷ ಜುಲೈ 31ಕ್ಕೆ ಇಲಾಖೆ ಕೊಟ್ಟ ಪ್ರಕಟಣೆಯಲ್ಲಿ ಆಗಸ್ಟ್ ಮಳೆ ವಾಡಿಕೆಗಿಂತ ಕಡಿಮೆ ಆಗುವ ಸಾಧ್ಯತೆ ಅಂತ ಇತ್ತು. ಅಷ್ಟೊಂದು ಖೋತಾ ಆಗುತ್ತೆ ಅಂತ ಹೇಳಿರಲಿಲ್ಲ, ದಿಕ್ಕು ಮಾತ್ರ ಸರಿ ಇತ್ತು. ಏಪ್ರಿಲ್ ಸುದ್ದಿ ಮನೆಮನೆಗೆ ತಲುಪಿತು, ಜುಲೈ 31ರ ಸುದ್ದಿ ಎಷ್ಟು ಜನರ ಕಿವಿಗೆ ಬಿತ್ತು? ಆಗಲಾದರೂ ಗೊತ್ತಾಗಿದ್ದರೆ ಎಡೆಕುಂಟೆ ಹೊಡೆದು ಮಣ್ಣಿನ ತೇವ ಸ್ವಲ್ಪ ಉಳಿಸಿಕೊಳ್ಳಬಹುದಿತ್ತು, ಮೇಲುಗೊಬ್ಬರದ ಖರ್ಚು ನಿಲ್ಲಿಸಬಹುದಿತ್ತು.

ಅದಕ್ಕೇ ಈ ವರ್ಷ ನೀನು ಮನೆಯಲ್ಲಿ ಈ ಕೆಲಸ ವಹಿಸಿಕೋ. ಮೇ ಕೊನೆಗೆ ಪರಿಷ್ಕರಿಸಿದ ಮುನ್ಸೂಚನೆ ಬರುತ್ತೆ, ಅದರಲ್ಲಿ ದಕ್ಷಿಣ ಭಾರತಕ್ಕೆ ಬೇರೆ ಅಂದಾಜು ಇರುತ್ತೆ. ಆಮೇಲೆ ಪ್ರತಿ ತಿಂಗಳ ಕೊನೆಗೆ ಮುಂದಿನ ತಿಂಗಳದು. ಪ್ರತಿ ಗುರುವಾರ ಎರಡರಿಂದ ನಾಲ್ಕು ವಾರದ ಅಂದಾಜು ಹಾಕುತ್ತಾರೆ. ಬಿತ್ತನೆಗೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಅದೇ. ಅದರಲ್ಲೂ ಮೊದಲ ಎರಡು ವಾರ ನಂಬಬಹುದು, ಆಮೇಲಿನದು ಸುಳಿವು ಅಷ್ಟೇ. ಮಂಗಳವಾರ, ಶುಕ್ರವಾರ ಜಿಲ್ಲೆಯ ಕೃಷಿ ಹವಾಮಾನ ಸಲಹೆ ಬರುತ್ತೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಕೂರಿಸಿದ್ದಾರೆ. ಬೇರೆ ಎಷ್ಟೋ ರಾಜ್ಯಗಳಿಗೆ ಇಲ್ಲದ ಸೌಲಭ್ಯ ಇದು. ನಿಮ್ಮ ಪಂಚಾಯಿತಿಯ ಹಳೆಯ ಲೆಕ್ಕ ಸಿಕ್ಕರೆ ತೆಗೆದುಕೋ. ಜುಲೈ, ಆಗಸ್ಟ್‌ನಲ್ಲಿ ಎಷ್ಟು ವರ್ಷಕ್ಕೊಮ್ಮೆ ಮೂರು ವಾರದ ಒಣಹವೆ ಬಂದಿದೆ ಅಂತ ಅದರಲ್ಲೇ ಕಾಣುತ್ತೆ.

ಪಾವಗಡದ ಅಣ್ಣನ ಮಾತಿಗೂ ಒಂದು ಉತ್ತರ. ಮಳೆ ನಕ್ಷತ್ರದ ಲೆಕ್ಕವನ್ನು ನಾನು ಗೌರವಿಸುತ್ತೇನೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವುದರ ಮೇಲೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಮೃಗಶಿರಾ ಜೂನ್ 7, 8ಕ್ಕೆ ಹುಟ್ಟುತ್ತೆ, ಮುಂಗಾರು ಬರುವುದೂ ಹೆಚ್ಚು ಕಡಿಮೆ ಆಗಲೇ. ನೂರಾರು ವರ್ಷ ನೋಡಿ ಕಟ್ಟಿದ ಲೆಕ್ಕ ಅದು. ಯಾವ ಹೊತ್ತಿಗೆ ಏನು ಬಿತ್ತಬೇಕು ಅನ್ನುವುದಕ್ಕೆ ಅದನ್ನು ಮೀರಿದ್ದಿಲ್ಲ. ಆದರೆ ಅದು ಎಲ್ಲ ವರ್ಷಗಳ ಸರಾಸರಿ. ಈ ವರ್ಷದ ಮಘೆ ಮಳೆ ಸುರಿಯುತ್ತಾ ಒಣಗುತ್ತಾ ಅಂತ ಅದಕ್ಕೂ ಗೊತ್ತಿಲ್ಲ.

ನಿಮ್ಮ ಪಾವಗಡದಲ್ಲೇ ಈ ಕೆಲಸ ದೊಡ್ಡದಾಗಿ ನಡೆದಿದೆ ಅಣ್ಣ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಜೊತೆಯವರ ಸಂಗಡ ಪಾವಗಡ, ಅನಂತಪುರ ಕಡೆಯ ಶೇಂಗಾ ರೈತರ ಹತ್ತಿರ ಕೂತು ಮಾತಾಡಿದರು. ರೈತರು ಕೇಳಿದ್ದನ್ನೇ ಪ್ರಶ್ನೆ ಮಾಡಿಕೊಂಡರು. ಹಳೆಯ ವರ್ಷಗಳ ಮಳೆ ದಾಖಲೆ ಇಟ್ಟುಕೊಂಡು ಯಾವ ತಾರೀಕಿಗೆ ಬಿತ್ತಿದರೆ ಎಷ್ಟು ವರ್ಷಕ್ಕೊಮ್ಮೆ ಬೆಳೆ ಹೋಗುತ್ತೆ ಅಂತ ಲೆಕ್ಕ ತೆಗೆದರು. ಇದಕ್ಕೆ ಮುನ್ಸೂಚನೆಯೇ ಬೇಕಾಗಿಲ್ಲ, ನೋಡಿ. ಹಂಗಾಮಿನ ಮುನ್ಸೂಚನೆ ಸುಧಾರಿಸುವವರೆಗೂ ಕಾಯದೆ ಮಾಡಬಹುದಾದ ಕೆಲಸ ಇದು. ಪ್ರತಿ ತಾಲೂಕಿಗೂ, ಪ್ರತಿ ಬೆಳೆಗೂ ಆಗಬೇಕಿತ್ತು. ಆಗಿಲ್ಲ ಅನ್ನುವುದು ನನ್ನ ಕೊರಗು.


ಪಾವಗಡದ ಕೂರಿಗೆ
8 ಮೇ 2024

ತಂಗೀ, ನೀನು ಹೇಳಿದ ಮೇಲೆ ಗುರುವಾರದ್ದು ನೋಡೋಣ ಅನ್ನಿಸಿತು. ಮಗನಿಗೆ ಹೇಳಿದ್ದೇನೆ ಫೋನಿನಲ್ಲಿ ತೆಗೆದು ಕೊಡು ಅಂತ. ಆರಿದ್ರಾ ಮಾತ್ರ ಬಿಡುವುದಿಲ್ಲ.


ನಾಯಕನಹಟ್ಟಿ ಹೈದ
24 ಅಕ್ಟೋಬರ್ 2024

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಅಂತ ಹೇಳಬೇಕಲ್ಲ.

ಅಪ್ಪ ಕೊನೆಗೆ ಎರಡೂವರೆ ಎಕರೆಗೆ ಒಪ್ಪಿದರು. ಜುಲೈ ಎರಡನೇ ವಾರ ಬಿತ್ತಿದೆವು, ಆರು ಸಾಲಿಗೊಂದು ತೊಗರಿ. ಹೊಸ ಸಾಲ ಮಾಡಲಿಲ್ಲ. ಆಗಸ್ಟ್‌ನಲ್ಲಿ ಮಳೆ ಬಂತು, ಬುಡಕ್ಕೆ ಕಾಯಿ ಚೆನ್ನಾಗಿ ಕಟ್ಟಿತು. ನವಣೆ ಮನೆಗೆ ಬಂದಿದೆ. ಆದರೆ ಹೋದ ವಾರ ಒಂದೆಕರೆ ಶೇಂಗಾ ಕಿತ್ತು ಹೊಲದಲ್ಲೇ ಹರಡಿದ್ದೆವು. ರಾತ್ರಿಯಿಡೀ ಮಳೆ ಹೊಡೆಯಿತು. ಬಳ್ಳಿ ಪೂರ್ತಿ ನೆಂದು ಕೆಲವು ಕಾಯಿ ಕಪ್ಪಾಗುತ್ತಿವೆ. ಇನ್ನೂ ಒಂದೂವರೆ ಎಕರೆ ನೆಲದಲ್ಲೇ ಇದೆ. ಕೀಳೋದಾ ಬಿಡೋದಾ? ಮತ್ತೆ ಅಕ್ಕ, ಈ ವರ್ಷ ಮುನ್ಸೂಚನೆ ಪೂರ್ತಿ ಸರಿ ಆಯಿತು ಅಂತ ಎಲ್ಲರೂ ಹೇಳುತ್ತಿದ್ದಾರೆ. ಹೌದಾ?


ಮಳೆಲೆಕ್ಕ
24 ಅಕ್ಟೋಬರ್ 2024

ಕಾಯಿ ಕಟ್ಟಿದ್ದು ಕೇಳಿ ತುಂಬಾ ಸಂತೋಷ ಆಯಿತು ತಮ್ಮಾ. ಅಮ್ಮನ ಸರ ಬೇಗ ಮನೆಗೆ ಬರಲಿ.

ಒಟ್ಟು ಮೊತ್ತ ಸರಿಯಾಯಿತು. 106 ಅಂದಿದ್ದರು, 108 ಬಂತು. ಜೂನ್‌ನಲ್ಲಿ 89 ಮಾತ್ರ, ಉಳಿದ ಮೂರೂ ತಿಂಗಳು ವಾಡಿಕೆಗಿಂತ ಜಾಸ್ತಿ. ಆದರೆ ಒಂದು ವಿಷಯ ನೋಡು. ಏಪ್ರಿಲ್‌ನಲ್ಲಿ ಜಾಸ್ತಿ ಮಳೆಗೆ ಕೊಟ್ಟ ಕಾರಣಗಳಲ್ಲಿ ದೊಡ್ಡದು ಲಾ ನಿನಾ, ಅಂದರೆ ಎಲ್ ನಿನೊಗೆ ಎದುರು, ಪೆಸಿಫಿಕ್ ತಣ್ಣಗಾಗುವುದು. ಮುಂಗಾರಿನ ಉತ್ತರಾರ್ಧದಲ್ಲಿ ಅದು ಬರುತ್ತೆ ಅಂದಿದ್ದರು. ಸೆಪ್ಟೆಂಬರ್ ಮುಗಿಯಿತು, ಅದು ಇನ್ನೂ ಬಂದಿಲ್ಲ. ಸಂಖ್ಯೆ ಹೊಂದಿತು, ದೊಡ್ಡ ಕಾರಣ ಹೊಂದಲಿಲ್ಲ. ಒಂದು ವರ್ಷ ಸರಿ ಹೋಯಿತು ಅಂತ ಮುಂದಿನ ವರ್ಷ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 2023ರಲ್ಲಿ ನಿಮಗೆ ಬೆಳೆ ಹೋಯಿತು ಅಂತ ಪೂರ್ತಿ ಬಿಡುವ ಹಾಗೂ ಇಲ್ಲ.

ಈಗ ಉಳಿದ ಶೇಂಗಾ. ಹಿಂಗಾರಿಗೆ ಬೇರೆ ಮುನ್ಸೂಚನೆ ಇದೆ. ಅದು ದಕ್ಷಿಣದ ಐದು ಉಪವಿಭಾಗಗಳಿಗೆ, ಅದರಲ್ಲಿ ನಮ್ಮ ದಕ್ಷಿಣ ಒಳನಾಡೂ ಸೇರಿದೆ. ಚಿತ್ರದುರ್ಗ ಬರುವುದು ಅದರಲ್ಲೇ. ಈ ಸಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಶೇ 112ಕ್ಕಿಂತ ಜಾಸ್ತಿ ಅಂದಿದ್ದಾರೆ. ಆದರೆ ಕೀಳುವ ದಿನ ಗೊತ್ತು ಮಾಡಲು ಅದು ಬೇಡ, ಮುಂದಿನ ಐದು ದಿನದ್ದು ನೋಡು. ಮೂರು ನಾಲ್ಕು ದಿನ ಬಿಸಿಲು ಕಂಡರೆ ಮಾತ್ರ ಕೀಳಿ. ಒಂದೇ ಸಲ ಪೂರ್ತಿ ಬೇಡ, ಕಾಯಿ ಬಿಡಿಸಿ ಒಣಗಿಸಲು ಆಗುವಷ್ಟೇ ಕೀಳಿ. ತುಂಬಾ ದಿನ ಕಾಯಬೇಡಿ, ನಿಮ್ಮದು ಗಿಡ್ಡ ತಳಿಯಾದರೆ ಹಸಿ ನೆಲದಲ್ಲಿ ಕಾಯಿ ಅಲ್ಲೇ ಮೊಳೆಯುತ್ತೆ.

ನೆಂದ ಬಳ್ಳಿಯನ್ನು ರಾಶಿ ಹಾಕಬೇಡಿ, ಬೇರು ಮೇಲೆ ಮಾಡಿ ಬಿಡಿಬಿಡಿಯಾಗಿ ಹರಡಿ. ಕಾಯಿ ಬಿಡಿಸಿ ಟಾರ್ಪಲ್ ಮೇಲೆ ತೆಳ್ಳಗೆ ಒಣಗಿಸಿ. ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಅಲ್ಲಿವರೆಗೆ ಚೀಲಕ್ಕೆ ತುಂಬಬೇಡಿ. ಕಪ್ಪಾದ್ದು, ಬೂಷ್ಟು ಹಿಡಿದದ್ದು ಬೇರೆ ಆರಿಸಿ ಎಸೆಯಿರಿ. ಅದನ್ನು ಬೀಜಕ್ಕೂ ಇಡಬೇಡಿ, ದನಕ್ಕೂ ಹಾಕಬೇಡಿ.